ರಾಹುಕಾಲಕ್ಕೆ ಮುಂಚೆ ಒಂದು ಲೆಕ್ಕ

ತಾಂಬರಂ ಅತ್ತೆಗೆ,

ಸಿಎ ಫೈನಲ್‌ನಲ್ಲಿ ಎರಡನೇ ಸಲ ಫೇಲಾಗಿ ನಾನು ನಿಮ್ಮ ಮನೆಗೆ ಓದೋಕೆ ಬಂದ ದಿನ ನೆನಪಿದೆಯಾ? ಇಡೀ ಭಾನುವಾರ ಕೂತು ಐದು ಬಣ್ಣದ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನೀವು ಕನ್ನಡಕ ಏರಿಸಿ ನೋಡಿ, “ಚೆನ್ನಾಗಿದೆ ಕಣೇ. ಓದೋದು ಯಾವಾಗ?” ಅಂದಿರಿ. ನಾನು ತಮಿಳಲ್ಲೇ “ಅಪ್ಪುರಂ ಅತ್ತೆ” ಅಂದೆ. ಆಮೇಲೆ, ಆಮೇಲೆ. ಆ ಒಂದು ಪದದಲ್ಲೇ ನನ್ನ ಎರಡು ಪರೀಕ್ಷೆ ಹೋಗಿದ್ದವು.

ಮಾರನೇ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ತಲೆಯ ಹತ್ತಿರ ನಿಂತಿರಿ. “ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ. ಆಮೇಲೆ ಏನೂ ಶುರು ಮಾಡೋ ಹಾಗಿಲ್ಲ. ಈಗ್ಲೇ ಒಂದೇ ಒಂದು ಲೆಕ್ಕ ಮಾಡ್ಬಿಡು. ಶುರು ಮಾಡಿದ್ದನ್ನ ಮುಂದುವರ್ಸೋಕೆ ರಾಹು ಅಡ್ಡ ಬರೋಲ್ಲ.” ಇಂಥ ಕಾನೂನು ಎಲ್ಲಿದೆ ಅಂತ ಗೊಣಗಿಕೊಂಡೇ ಕೂತೆ. ಒಂದು ಲೆಕ್ಕ ಮುಗಿಯಿತು, ಅದರ ಬೆನ್ನಿಗೆ ಇನ್ನೊಂದು. ರಾಹುಕಾಲ ದಿನಕ್ಕೊಂದು ಹೊತ್ತಿಗೆ ಬರುವುದರಿಂದ ನನಗೆ ನೆಪ ಹುಡುಕೋಕೂ ಪುರುಸೊತ್ತು ಸಿಗಲಿಲ್ಲ. ನೀವು ನಿಜಕ್ಕೂ ನಂಬುತ್ತಿದ್ದಿರಾ, ಅಥವಾ ನನ್ನನ್ನು ಎಬ್ಬಿಸೋಕೆ... ಕೇಳಬೇಕಿತ್ತು.

ನೀವು ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮೇಲೆ, ಅಲ್ಲಿ ನಾನು ಪರೀಕ್ಷೆಯ ದಿನಗಳನ್ನು ಓದಿ ಹೇಳಿದಾಗ ನಿಮ್ಮ ಮುಖ ಸಪ್ಪಗಾಯಿತು. ಗುರುವಾರದ ಪೇಪರು ಶುರುವಾಗುವುದೇ ರಾಹುಕಾಲದಲ್ಲಿ! ಆಮೇಲೆ ನೀವೇ ದಾರಿ ಹುಡುಕಿದಿರಿ. “ಪರೀಕ್ಷೆಗೆ ಹೋಗ್ತಾ ಟ್ರೈನಲ್ಲೇ ಒಂದು ಲೆಕ್ಕ ಮಾಡ್ಕೊ. ಶುರು ಆದ್ಹಾಗೇ ಲೆಕ್ಕ.” ಪರೀಕ್ಷೆಗೆ ಮುಂಚೆಯೇ ನೀವು ಹೋದಿರಿ. ಆ ಸಲವೂ ಫೇಲಾದರೆ ಸಿಎ ಬಿಟ್ಟುಬಿಡುವುದೆಂದು ನಾನು ಅಪ್ಪನಿಗೆ ಮಾತು ಕೊಟ್ಟಿದ್ದೆ.

ಆ ಗುರುವಾರ ತಾಂಬರಂನಲ್ಲಿ ಟ್ರೈನ್ ಹತ್ತಿದಾಗ ಕಿಟಕಿ ಪಕ್ಕ ಜಾಗ ಸಿಕ್ಕಿತು. ಇಡ್ಲಿ ಕಟ್ಟಿದ್ದ ಪೇಪರಿನ ಅಂಚಿನಲ್ಲಿ ಒಂದು ತೆರಿಗೆ ಲೆಕ್ಕ ಮಾಡಿದೆ. ಎದುರಿಗಿದ್ದ ಹೂ ಮಾರುವಾಕೆ “ಎನ್ನಮ್ಮಾ, ಇನ್ನುಮಾ ಪಡಿಕ್ಕಿರೇ?” ಇನ್ನೂ ಓದ್ತಾನೇ ಇದ್ದೀಯಾ ಅಂತ ನಕ್ಕಳು. ಇನ್ನೂ ಓದುತ್ತಿಲ್ಲಮ್ಮ, ಶುರು ಮಾಡುತ್ತಿದ್ದೇನೆ ಅಂದೆ.

ರಿಸಲ್ಟ್ ಬಂದಾಗಲೂ ರಾಹುಕಾಲವೇ. ಇದನ್ನೆಲ್ಲ ನಂಬದ ನಾನು, ಮೊಬೈಲ್ ಮಗುಚಿಟ್ಟು, ಅದು ಕಳೆಯುವ ತನಕ ನಿಮ್ಮ ಕುರ್ಚಿಯಲ್ಲಿ ಕೂತಿದ್ದೆ.

ಪಾಸಾಗಿದ್ದೇನೆ ಅತ್ತೆ. ಅಂಬತ್ತೂರಿನಲ್ಲಿ ಕೆಲಸವೂ ಸಿಕ್ಕಿದೆ. ಇದನ್ನು ನಿಮಗೆ ಬರೆಯುವುದನ್ನು ಮಾತ್ರ ತಿಂಗಳುಗಟ್ಟಲೆ ಅಪ್ಪುರಂ, ಅಪ್ಪುರಂ ಅಂತ ಮುಂದೂಡಿದೆ. ಬರೆದರೆ ನೀವಿಲ್ಲ ಅಂತ ಒಪ್ಪಿಕೊಂಡ ಹಾಗೆ ಆಗುತ್ತಲ್ಲ, ಅದಕ್ಕೆ. ಇವತ್ತು ರಾಹುಕಾಲಕ್ಕೆ ಮುಂಚೆ ಒಂದು ಸಾಲು ಬರೆದಿಟ್ಟೆ: ತಾಂಬರಂ ಅತ್ತೆಗೆ. ಉಳಿದದ್ದು ತಾನಾಗಿ ಬಂತು.

ನಿಮ್ಮ ಸೋದರ ಸೊಸೆ,
ವೈದೇಹಿ