ದೊಣೆಯ ಬಳಿ ಕೂಗುವವರು ಯಾರು

ಆಲಿಸ್ ಸ್ಪ್ರಿಂಗ್ಸ್
ಜುಲೈ ೧೪, ಸೋಮವಾರ

ಪ್ರೀತಿಯ ಡೆಸ್ಮಂಡ್ ಅಣ್ಣಾ,

ಹೇಗಿದ್ದೀಯ? ಅಡಿಲೇಡಿನ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆಯಂತೆ. ಕತ್ತಿಗೆ ಏನಾದರೂ ಸುತ್ತಿಕೋ, ಜಂಬ ಮಾಡಬೇಡ. ಫೋನಂತೂ ನೀನು ಎತ್ತುವುದಿಲ್ಲ. ಇಲ್ಲಿಂದ ಬರುವ ಫೋನೆಂದರೆ ಸಾವಿನ ಸುದ್ದಿಯೇ ಎಂದು ನಿನಗೆ ಭಯ. ಯಾರೂ ಸತ್ತಿಲ್ಲ ಮಾರಾಯ, ಧೈರ್ಯವಾಗಿ ಓದು. ಹೆದರಿ ಕೂತಿರುವವಳು ನಾನು.

ಅಪ್ಪ ದೊಣೆಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾನೆ. ಅವನಮ್ಮ ಹುಟ್ಟಿದ, ಮರಳುಗಾಡಿನ ಬಂಡೆಯಲ್ಲಿ ನೀರು ನಿಲ್ಲುವ ಆ ದೊಣೆಗೇ. ನನ್ನ ಮೊಮ್ಮಗಳು ಟಮೀಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು, ಅವಳ ನೆಲಕ್ಕೆ ಅವಳ ಗುರುತೇ ಇಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ತೋರಿಸಿಬಿಡಬೇಕಂತೆ. ಲಕ್ವ ಹೊಡೆದು ಮಾತು ಹೋದರೇನು, ಎಡಗೈ ನೆಟ್ಟಗಿದೆಯಲ್ಲ, ಆ ಒಂದೇ ಕೈಸನ್ನೆಯಲ್ಲಿ ಮನೆಮಂದಿಯನ್ನೆಲ್ಲ ಬೈಯುತ್ತಾನೆ. ಹಿಲ್ಡಾ ಚಿಕ್ಕಮ್ಮನ ಮಗ ಲಯನೆಲ್ ಗಾಡಿ ಕೊಡುತ್ತಾನೆ. ನೀರಿನ ಡ್ರಮ್ಮು, ಎರಡು ಸ್ಟೆಪ್ನಿ, ಹಿಟ್ಟು, ಸಕ್ಕರೆ, ಚಹಾಪುಡಿ, ಅಪ್ಪನಿಗೆ ಸುಟ್ಟುಕೊಡಲು ಕಾಂಗರೂ ಬಾಲ, ಎಲ್ಲ ಸಿದ್ಧ. ಮುಂದಿನ ವಾರದ ಕೊನೆಗೆ ಹೊರಡುವುದು.

ಆದರೆ ಕೂಗುವವರು ಯಾರು ಅಣ್ಣಾ? ಬಂದವರು ಯಾರ ಮಕ್ಕಳು ಎಂದು ದೂರದಲ್ಲೇ ನಿಂತು, ಆ ನೆಲದಲ್ಲೇ ಉಳಿದಿರುವ ತೀರಿಹೋದ ಹಿರಿಯರಿಗೆ ಕೂಗಿ ಹೇಳದೆ ಅಲ್ಲಿ ಕಾಲಿಡುವುದುಂಟೇ? ನಮ್ಮ ಕಂಕುಳ ಬೆವರನ್ನು ಹೊಸಬರ ಮೈಗೆ ಒರೆಸದೆ ಆ ನೀರು ಮುಟ್ಟುವುದುಂಟೇ? ಹೊರಗಿನ ವಾಸನೆ ಬಂದರೆ ನೀರೊಳಗೆ ಕಾವಲಿರುವ ಹಾವು ಏಳುತ್ತದೆ. ಅಪ್ಪನ ದನಿ ಬಂಡೆಗೆ ಬಡಿದು ವಾಪಸು ಬಂದ ಮೇಲೆಯೇ ನಾವೆಲ್ಲ ಉಸಿರು ಬಿಡುತ್ತಿದ್ದುದು. ಈಗ ಅವನ ಬಾಯಿಂದ ಬರುವುದು ಬರೀ ಗೊರಗೊರ. ಕೈಸನ್ನೆ ನಮಗೆ ಸಾಕು, ಹಿರಿಯರಿಗೆ ದನಿಯೇ ಬೇಕು. ಹೋದ ಚಳಿಗಾಲದಲ್ಲಿ ಲಯನೆಲ್ ಕೂಗದೆಯೇ ಗೆಳೆಯನೊಬ್ಬನನ್ನು ಕರೆದೊಯ್ದಿದ್ದ. ಸುಳಿಗಾಳಿ ಗಾಡಿಯನ್ನು ಬಿಡದೆ ಸುತ್ತಿತಂತೆ. ಆ ಗೆಳೆಯ ವಾರಗಟ್ಟಲೆ ಜ್ವರದಲ್ಲಿ ಬಡಬಡಿಸಿದ. ಗಟ್ಟಿಮುಟ್ಟಾದ ಗಂಡಸಿಗೇ ಹಾಗಾದರೆ ಈ ಕೂಸಿನ ಗತಿ ಏನು?

ಚಿಕ್ಕಮ್ಮನನ್ನು ಕೇಳಿದೆ. "ಅಯ್ಯೋ, ಅದು ನಿಮ್ಮಪ್ಪನ ಕಡೆ ನೆಲ ಕಣೇ! ನಾನ್ ಬಾಯಿ ಹಾಕಿದ್ರೆ ಹಾವು ಮೊದ್ಲು ನನ್ನನ್ನೇ ನುಂಗತ್ತೆ. ನೀನೇ ಕೂಗು. ನಾಯಿಗೆ ಬೈಯೋವಾಗ ಊರಿಗೆಲ್ಲ ಕೇಳ್ಸತ್ತಲ್ಲ!" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನನಗೆ ನಗು ಬರಲಿಲ್ಲ. ಮಾತುಗಳು ನನಗೆ ಗೊತ್ತು, ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ಒಬ್ಬ ಹಿರಿಯರ ಹೆಸರು ಹಿಂದುಮುಂದಾದರೆ? ನಡುವೆ ದನಿ ಕೈಕೊಟ್ಟರೆ? ತಪ್ಪಿಗೆ ಬೆಲೆ ತೆರುವುದು ನಾನಲ್ಲ, ಮಗು.

ನೀನು ಹಿರಿಮಗ, ನಿನ್ನದು ಅಪ್ಪನದೇ ದನಿ. ರಜೆ ಹಾಕಿ ಬಸ್ಸು ಹತ್ತು. ನೀನು ಕೂಗಿದರೆ ನಾನು ಮಗುವನ್ನು ಎತ್ತಿಕೊಂಡು ನಿಶ್ಚಿಂತೆಯಿಂದ ಹಿಂದೆ ಬರುತ್ತೇನೆ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ದಾರಿಯುದ್ದಕ್ಕೂ ಹಿರಿಯರು ನಿನ್ನ ಕೈ ಬಿಡದಿರಲಿ.

ನಿನ್ನ ತಂಗಿ,
ಲೊರೇನ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ, ಯಾರಿಗೆ ಎಂದು ಅಪ್ಪ ಸನ್ನೆ ಮಾಡಿ ಕೇಳಿದ. ಅಣ್ಣ ಬಂದು ಕೂಗುತ್ತಾನೆ ಎಂದೆ. ಕೂಡದು ಎಂದು ಕೈಯಾಡಿಸಿದ. ಇಷ್ಟು ವರ್ಷ ದೂರವಿದ್ದವನ ಬೆವರಿನ ವಾಸನೆ ಆ ನೀರಿಗೆ ಮರೆತುಹೋಗಿದೆಯಂತೆ; ಈಗ ಅಲ್ಲಿಗೆ ನೀನೂ ಟಮೀಕಳ ಹಾಗೆ ಹೊಸಬನೇ ಅಂತೆ. ಆಮೇಲೆ ನನ್ನ ಗಂಟಲ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ಅಣ್ಣಾ, ನನಗೆ ತುಂಬ ಹೆದರಿಕೆ. ಆದರೂ ಬಾ. ಮಗುವಿನ ಹೆಸರಿನ ಜೊತೆ ನಿನ್ನ ಹೆಸರನ್ನೂ ನಾನೇ ಕೂಗುತ್ತೇನೆ.