ಎರಡೂವರೆ ಗೇಣು ಜಾಗ

೧೨ ನವೆಂಬರ್ ೧೯೪೪, ಬೆಳಗಿನ ಎಣಿಕೆಯ ನಂತರ

ಯೀಸ್ಟಿನ ಬಾಟಲಿ ಇವತ್ತೂ ನೊರೆ ಕಟ್ಟಲಿಲ್ಲ. ಇದು ಮೂರನೇ ಸಲ. ಕೈದಿಗಳ ಎಣಿಕೆಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು. ಯಾರೋ ಒಬ್ಬಳು ಜಪಾನಿ ಸಿಪಾಯಿಗೆ ಸರಿಯಾಗಿ ಬಗ್ಗಿ ನಮಸ್ಕರಿಸಲಿಲ್ಲವಂತೆ.

ಡಾಕ್ಟರ್ ಫಾಸ್ ಮತ್ತೆ ಬಂದು, ಯೀಸ್ಟ್ ಆಯಿತೇ ಎಂದು ಕೇಳಿದರು. ಜಾವಾ ಜಪಾನಿಯರ ಕೈಗೆ ಬಿದ್ದ ಮೇಲೆ ಅವರೂ ನಮ್ಮೆಲ್ಲ ಡಚ್ಚರಂತೆ ಕೈದಿ. ಶಿಬಿರದ ಆಸ್ಪತ್ರೆ ಅವರದೇ. ಕಾಲು ಬಾತು ಮಲಗಿದ ಹೆಂಗಸರು ಇಪ್ಪತ್ತನಾಲ್ಕು ಮಂದಿ. ಯೀಸ್ಟ್ ಕುಡಿಸಿದರೆ ಬಾವು ಇಳಿಯುತ್ತದೆ. ಇಲ್ಲವಾದರೆ ನೀರು ಎದೆಗೇರುತ್ತದೆ. ಸೆಮರಾಂಗಿನ ಔಷಧಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಪುಡಿ ತೂಗಿದವಳೆಂದು ಯೀಸ್ಟಿನ ಕೆಲಸ ನನಗೆ ಬಿತ್ತು.

ಮಲಗುವ ಹಲಗೆಯ ಮೇಲೆ ತಲಾ ಎರಡೂವರೆ ಗೇಣು ಜಾಗ. ನನ್ನ ಬಲಕ್ಕೆ ಹೊಸಬಳು, ಒಟಿಲಿ. ಅಪ್ಪ ಡಚ್ಚ, ತಾಯಿ ಜಾವಾದವಳು. ಗಂಡ ಸಯಾಮಿನಲ್ಲಿ ಯುದ್ಧಕೈದಿ. ಬಾಟಲಿ ನೋಡಿ ನಕ್ಕಳು.

"ಮಿಸ್ ಬೂನ್, ಹಾಗೆ ಕುದಿಸಿ ಕುದಿಸಿ ಇಟ್ರೆ ಯಾವ ಜೀವ ಉಳಿಯುತ್ತೆ? ನಮ್ಮಮ್ಮ ಮರಗೆಣಸು ಹುದುಗು ಹಾಕ್ತಾಳೆ. ಅದಕ್ಕೆ ಹಾಕೋ ಬಿಲ್ಲೆ ಪೇಟೇಲಿ ಸಿಗುತ್ತೆ. ತರಿಸ್ಲಾ?"

ಶಿಬಿರದ ಸುತ್ತಲಿನ ಬಿದಿರು ತಟ್ಟಿಯ ಆಚೆಯಿಂದ ತರಿಸುವುದೆಂದರೆ — ಸಿಕ್ಕಿಬಿದ್ದರೆ ಎರಡು ದಿನ ಬಿಸಿಲಲ್ಲಿ ನಿಲ್ಲಬೇಕು. ಬೇಡವೆಂದೆ.

೧೫ ನವೆಂಬರ್

ತರಿಸಿಯೇ ಬಿಟ್ಟಳು. ಚರಂಡಿಯ ತೂತಿನಲ್ಲಿ ತನ್ನ ಲೇಸಿನ ಲಂಗ ಆಚೆಗೆ, ಬಾಳೆಲೆಯ ಪೊಟ್ಟಣ ಈಚೆಗೆ. ಒಳಗೆ ಮೂರು ಬಿಳೀ ಬಿಲ್ಲೆ. ಬೈಯಬೇಕೆಂದಿದ್ದೆ. ಬಾಟಲಿ ತೊಳೆಯಲು ಎದ್ದೆ.

೧೭ ನವೆಂಬರ್, ಮಧ್ಯಾಹ್ನ

ಉಕ್ಕಿತು. ಹುಳಿ ವಾಸನೆ. ಕಿವಿಗೆ ಹಿಡಿದರೆ ಒಳಗೆ ಸಣ್ಣಗೆ ಪಿಸುಪಿಸು. ಇಬ್ಬರೂ ಸರದಿಯ ಮೇಲೆ ಕಿವಿಗಿಟ್ಟು ಕೇಳಿದೆವು... ಎಷ್ಟು ಹೊತ್ತೋ.

೩ ಡಿಸೆಂಬರ್

ರೋಗಿಗಳಿಗೆ ದಿನಕ್ಕೆ ಎರಡೆರಡು ಚಮಚ. ಕೆಲಸಗಾರರಾದ ನಮಗೂ ಒಂದೊಂದು. ಇವತ್ತು ಗೆಣಸು ಸುಲಿಯುತ್ತಾ ಒಟಿಲಿ ಹೇಳಿದಳು:

"ನಿಮ್ಮಂಗಡಿಗೆ ಬರ್ತಿದ್ದೆ, ಗೊತ್ತಾ ಮಿಸ್? ಅಮ್ಮನ ಕೆಮ್ಮಿಗೆ ಔಷಧಿ ತಗೊಳ್ಳೋಕೆ. ಬಿಳೀ ಹೆಂಗಸರೆಲ್ಲ ಹೋದ ಮೇಲೆ, 'ಹೂಂ, ನಿನಗೇನು?' ಅಂತ ಕೇಳ್ತಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ನಿನ್ನೆ ಮಳೆ ಬಂತು ಎನ್ನುವಂತೆ ಹೇಳಿದಳು. ನೆನಪಿಲ್ಲ ಎಂದುಬಿಡಬಹುದಿತ್ತು. ಇವಳ ಮುಖ ನಿಜವಾಗಿಯೂ ನೆನಪಿಲ್ಲ. ಆದರೆ ಬೆಂಚು ಖಾಲಿಯಿದ್ದರೂ ಗೋಡೆ ಹಿಡಿದು ನಿಂತಿರುತ್ತಿದ್ದವರೆಲ್ಲ ನೆನಪಿದ್ದಾರೆ.

"ಹೌದು," ಎಂದೆ. "ಹಾಗೇ ಕೇಳ್ತಿದ್ದೆ. ತಪ್ಪು."

"ಸದ್ಯ, ಒಪ್ಕೊಂಡ್ರಲ್ಲ. ಆ ಚಾಕು ಇಲ್ಲಿ ಕೊಡಿ. ನೀವು ಸುಲಿದ್ರೆ ಸಿಪ್ಪೇನೇ ದಪ್ಪ, ಗೆಣಸೇ ತೆಳ್ಳಗೆ."

೧೮ ಡಿಸೆಂಬರ್

ಶೋಧನೆ. ಎಲ್ಲರನ್ನೂ ಬಯಲಿಗೆ ಹೊರಡಿಸಿದರು. ಬಾಟಲಿ ಒಟಿಲಿಯ ರವಿಕೆಯೊಳಗೆ. ಬಿಸಿಲು, ಮೈಕಾವು. ಎಲ್ಲರೂ ಸೊಂಟ ಬಗ್ಗಿಸಿ ನಿಂತ ಹೊತ್ತಿಗೆ ಸರಿಯಾಗಿ — ಬಿರಡೆ ಹಾರಿತು. ಬಯಲಿಗೆಲ್ಲ ಕೇಳುವ ಸದ್ದು.

ಸಿಪಾಯಿ ತಿರುಗಿದ. ಒಟಿಲಿಯ ಮುಖದಲ್ಲಿ ರಕ್ತವಿಲ್ಲ. ನಾನು ಒಂದು ಹೆಜ್ಜೆ ಮುಂದೆ ಬಂದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮತ್ತೊಮ್ಮೆ ಬಗ್ಗಿದೆ, ಅಪರಾಧಿಯ ಹಾಗೆ. ಐವತ್ತೊಂದು ವರ್ಷದವಳು. ಕೆನ್ನೆಗೆ ಒಂದು ಏಟು ಬಿತ್ತು. ಆಮೇಲೆ ಅವನು ಮೂಗು ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋದ.

ಒಳಗೆ ಬಂದ ಮೇಲೆ ಒಟಿಲಿ ಹಲಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ನಾಚಿಕೆ ಇಲ್ವೇನೇ ನಿನಗೆ? ಬಿಡದೇ ಇರೋ ಹೂಸಿಗೆ ಏಟು ತಿಂದ್ಯಲ್ಲೇ."

ನೀನು ಎಂದಳು. ನನ್ನಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಅಂದಿರಲಿಲ್ಲ. ಕೆನ್ನೆ ಉರಿಯುತ್ತಿದೆ. ಬರೆಯಲು ಸಂಕೋಚ — ಬಹಳ ಸಂತೋಷವಾಗಿದೆ.

೯ ಜನವರಿ ೧೯೪೫

ಇಪ್ಪತ್ತನಾಲ್ವರಲ್ಲಿ ಐವರು ತೀರಿಕೊಂಡರು. ಚಾಪೆಯಲ್ಲಿ ಸುತ್ತಿ ಗೇಟಿನವರೆಗೆ ನಾವೇ ಹೊತ್ತೆವು. ಅದರಾಚೆ ಬಿಡುವುದಿಲ್ಲ. ಉಳಿದ ಹತ್ತೊಂಬತ್ತು ಜನ ಎದ್ದು ಓಡಾಡುತ್ತಿದ್ದಾರೆ.

ಹೊರಗೆ ನನಗೆ ಮೂರು ಕೋಣೆಯ ಮನೆಯಿತ್ತು. ಭಾನುವಾರ ಬಿಳೀ ಮೇಜುಬಟ್ಟೆ ಹಾಸಿ ಒಬ್ಬಳೇ ಊಟ. ಇಲ್ಲಿ ನೀರು ಗಂಜಿ. ಅದನ್ನು ಕುಡಿಯುತ್ತಾ ಒಟಿಲಿ ಅಮ್ಮನ ಕೋಳಿಸಾರು ಮಾಡುತ್ತಾಳೆ, ಬಾಯಲ್ಲೇ. ತೆಂಗಿನಕಾಯಿ ತುರಿಯುವುದಕ್ಕೇ ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ. ಹಸಿವೆ ಇದ್ದೇ ಇದೆ. ಆದರೂ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ಪಕ್ಕಕ್ಕೆ ನೋಡುತ್ತೇನೆ; ಇದ್ದಾಳೆ. ಇಷ್ಟು ಜನ ಸಾಯುವ ಜಾಗದಲ್ಲಿ ಇಂಥ ನೆಮ್ಮದಿ ಸರಿಯೋ ತಪ್ಪೋ ತಿಳಿಯದು.

೨ ಫೆಬ್ರವರಿ

ಬೆಟ್ಟದ ಮೇಲಿನ ಶಿಬಿರಕ್ಕೆ ಸಾಗಿಸುವವರ ಪಟ್ಟಿ ಬಂತು. ಒಟಿಲಿಯ ಹೆಸರಿದೆ. ನನ್ನದಿಲ್ಲ. ಆಸ್ಪತ್ರೆ ಕೆಲಸದವಳೆಂದು ಬಿಟ್ಟಿದ್ದಾರೆ. ಅಲ್ಲಿ ಊಟ ಇನ್ನೂ ಕಡಿಮೆಯಂತೆ.

ಗಂಟು ಕಟ್ಟಲು ಅವಳು ಬಗ್ಗಿದಾಗ ಕಾಲು ಕಂಡಿತು. ಬಾತಿದೆ. ಬೆರಳೊತ್ತಿದರೆ ಗುಂಡಿ ಹಾಗೇ ಉಳಿಯುತ್ತದೆ. ತನ್ನ ಪಾಲಿನ ಚಮಚವನ್ನು ಇಷ್ಟು ದಿನ ರೋಗಿಗಳಿಗೇ ಸುರಿದಿದ್ದಾಳೆ. ನನ್ನ ಕಣ್ಣೆದುರೇ. ನಾನು ಗಮನಿಸಲಿಲ್ಲ.

"ನಾನೂ ಬರ್ತೀನಿ," ಎಂದೆ.

"ಹುಚ್ಚು ಹಿಡಿದಿದ್ಯಾ? ಇಲ್ಲಿದ್ರೆ ಬದುಕ್ತೀಯ."

"ಬದುಕಿ? ಮೇಜುಬಟ್ಟೆ ಹಾಸ್ಕೊಂಡು ಕೂತ್ಕೊಳ್ಲಾ?"

ಮುಖ ತಿರುಗಿಸಿ ಮಲಗಿದಳು.

೪ ಫೆಬ್ರವರಿ

ಪಟ್ಟಿಯಲ್ಲಿದ್ದ ಒಬ್ಬ ಹೆಂಗಸಿಗೆ ಜ್ವರ. ಅವಳ ಬದಲಿಗೆ ನನ್ನನ್ನು ಹಾಕಿಸಿಕೊಂಡೆ. ತಲೆಯೆಣಿಕೆ ಸರಿಯಿದ್ದರೆ ಅವರಿಗೆ ಸಾಕು. ಇಬ್ಬರು ನರ್ಸುಗಳಿಗೆ ಯೀಸ್ಟಿನ ಕೆಲಸ ಕಲಿಸಿಕೊಟ್ಟಿದ್ದೇನೆ.

"ಯೋಚನೆ ಮಾಡಿದ್ದೀರಾ, ಮಿಸ್ ಬೂನ್?" ಎಂದರು ಡಾಕ್ಟರ್ ಫಾಸ್.

"ಇಲ್ಲ ಡಾಕ್ಟರೇ. ಮಾಡಿದ್ರೆ ಹೋಗೋಕಾಗಲ್ಲ."

ಒಟಿಲಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಆದರೆ ಸಂಜೆ ನೋಡಿದರೆ ನನ್ನ ಗಂಟನ್ನೂ ಅವಳೇ ಕಟ್ಟಿಟ್ಟಿದ್ದಳು.

೭ ಫೆಬ್ರವರಿ

ಕಿಟಕಿ ಮುಚ್ಚಿದ ರೈಲಿನಲ್ಲಿ ಇಡೀ ದಿನ. ಅವಳ ಕಾಲು ನನ್ನ ತೊಡೆಯ ಮೇಲೆ. ಸಂಜೆ ಹೊಸ ಶಿಬಿರದ ಗೇಟು. ಹೆಸರು ಬರೆದುಕೊಳ್ಳುತ್ತಿದ್ದವಳೂ ಕೈದಿಯೇ, ಕನ್ನಡಕದ ಡಚ್ ಹೆಂಗಸು. ಸಂಬಂಧಿಕರಾದರೆ ಒಂದೇ ಶೆಡ್ಡು. ಉಳಿದವರು ಎಲ್ಲಿ ಜಾಗವೋ ಅಲ್ಲಿ.

"ಇವರು ನಿನಗೇನಾಗಬೇಕು?"

"ಅಕ್ಕ," ಎಂದಳು ಒಟಿಲಿ.

ಕನ್ನಡಕ ನನ್ನ ನೀಲಿ ಕಣ್ಣು ನೋಡಿತು, ಅವಳ ಕಂದು ಕೈ ನೋಡಿತು. "ಅಕ್ಕನಾ?"

"ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ ಬೇರೆ. ಜಾವಾದಲ್ಲಿ ಇದೇನು ಹೊಸದಾ ಮೇಡಂ?"

"ಹೌದೇನ್ರೀ?" ಎಂದು ನನ್ನನ್ನು ಕೇಳಿದಳು.

ನನ್ನಪ್ಪ ಪಾದ್ರಿ. ಹಾಲೆಂಡಿನ ಹಳ್ಳಿ ಬಿಟ್ಟು ಕದಲಿದವರಲ್ಲ. ಬದುಕಿಡೀ ಒಂದು ಸುಳ್ಳು ಹೇಳಿದವರಲ್ಲ, ಸಮುದ್ರ ದಾಟಿದವರಲ್ಲ.

"ಹೌದು," ಎಂದೆ. "ಮನೇಲಿ ಈ ಮಾತು ಎತ್ತೋ ಹಾಗಿರಲಿಲ್ಲ."

ಬರೆದುಕೊಂಡಳು. ಅಪ್ಪಾ, ಕ್ಷಮಿಸು.

೮ ಫೆಬ್ರವರಿ, ಸಂಜೆ

ಇಲ್ಲಿಯ ಡಾಕ್ಟರು ಅವಳ ಕಾಲು ನೋಡಿದರು. ತಡವಾಗಿಲ್ಲವಂತೆ. ಒಂದು ತಿಂಗಳು ಮಲಗಿರಬೇಕು, ದಿನಾ ಯೀಸ್ಟ್ ಕುಡಿಯಬೇಕು. ಗಂಟಿನಲ್ಲಿ ಬಾಟಲಿ ತಂದಿದ್ದೇನೆ; ಇನ್ನು ಮೇಲೆ ನನ್ನೆದುರೇ ಕುಡಿಯುತ್ತಾಳೆ.

ಶೆಡ್ಡು ಸೋರುತ್ತದೆ. ಜಾಗ ಮೊದಲಿಗಿಂತ ಕಿರಿದು. ಇವಳು ಮಲಗಿದಲ್ಲಿಂದಲೇ ಆಗಲೇ ಅರ್ಧ ಶೆಡ್ಡಿನ ಪರಿಚಯ ಮಾಡಿಕೊಂಡಿದ್ದಾಳೆ. ಗಂಜಿಯ ಸಾಲು ಹೊರಟಿತೆಂದು ಕೂಗುತ್ತಿದ್ದಾಳೆ — ಅಕ್ಕಾ, ಅಕ್ಕಾ ಎಂದು, ಎಲ್ಲರಿಗೂ ಕೇಳುವ ಹಾಗೆ. ಬರೆಯುವುದು ಇನ್ನೂ ಇದೆ, ಆದರೆ ಇವಳು ಬಿಡುವ ಹಾಗೆ ಕಾಣುವುದಿಲ್ಲ. ಬಂದೆ ಎಂದೆ. ಮತ್ತೆ ಕೂಗಿದಳು, ಈ ಸಲ ಪಕ್ಕದವರೆಲ್ಲ ಸೇರಿ—