ಮಗಳ ಕಾರಿನ ಸದ್ದು

ಮಂಗಳವಾರ, ಆಗಸ್ಟ್ ೧೨

ಇಂದು ನನ್ನ ಮನೆಯಲ್ಲಿ ನೆರೆದ ಸಮಸ್ತ ಬಂಧುಗಳಿಗೆ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ತಂದ ಕೈಯಲ್ಲೇ ಒಯ್ಯಿರಿ. ಕಾಲೇಜಿನ ಚರ್ಚಾಕೂಟದಲ್ಲಿ ಇದಕ್ಕಿಂತ ಪೊಳ್ಳು ವಾದಗಳನ್ನು ಕೇಳಿದ್ದೇನೆ, ಆದರೆ ಅಲ್ಲಿ ಗಂಟೆ ಬಾರಿಸಿ ಕೂರಿಸುತ್ತಿದ್ದರು.

ಮಗಳು ತೀರಿಕೊಂಡು ತಿಂಗಳಾಯಿತು. ಅವಳ ಹಳೆಯ ಕಾರನ್ನು ಈಗ ನನ್ನ ಭಾವಮೈದುನ ಓಡಿಸುತ್ತಾನೆ. ತಿರುವಿನಲ್ಲಿ ಅದರ ಹಿಂಗಾಲಿಗಳ ಸಸ್ಪೆನ್ಷನ್ ಕಿರುಗುಟ್ಟಿದೊಡನೆ ನನ್ನ ಹೆಂಡತಿ ಮಗಳು ಬಂದಳೆಂದು ಬಾಗಿಲು ತೆರೆಯುತ್ತಾಳೆ. ಇಂದೂ ತೆರೆದಳು. ಹೊರಗೆ ಹಲ್ಲು ಕಿರಿದು ನಿಂತಿದ್ದವನು ಅವಳ ತಮ್ಮ.

ಸದ್ದಡಗಿಸಲೆಂದು ಈ ಮಹಾಶಯ ಹಿಂದಿನ ವಾರ ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳಿಗೆ ಎಂಜಿನ್ ಆಯಿಲ್ ಸುರಿದಿದ್ದ. ಒಂದೆರಡು ದಿನ ಮೌನ. ಆಮೇಲೆ ರಬ್ಬರ್ ಉಬ್ಬಿ ಹರಿದು, ಸದ್ದು ಇಮ್ಮಡಿಯಾಯಿತು.

"ಗುಜರಿಗೆ ಹಾಕ್ಬಿಡಿ ಭಾವ, ಅಕ್ಕನೂ ಸುಧಾರಿಸ್ಕೋತಾಳೆ," ಎಂದ.

"ಎಣ್ಣೆ ಸುರಿದಿದ್ದು ಯಾರಪ್ಪ?"

"ಒಳ್ಳೇದಾಗ್ಲಿ ಅಂತ ಹಾಕ್ದೆ."

"ಇನ್ನು ಸ್ವಲ್ಪ ದಿನ ಒಳ್ಳೇದು ಮಾಡ್ಬೇಡ ಕಣಪ್ಪ. ಮನೆ ತಡ್ಕೊಳ್ಳಲ್ಲ."

ಬಂಧುವರ್ಗವೆಲ್ಲ ಅವನಿಗೇ ತಲೆಯಾಡಿಸಿತು. ಅಡುಗೆಮನೆಯಿಂದ ಹೆಂಡತಿ, "ಕಾರು ಇರ್ಲಿ. ಆ ಸದ್ದು ಮಾತ್ರ ತಡೆಯೋಕಾಗಲ್ಲ," ಎಂದದ್ದು ನನ್ನ ಹೊರತು ಯಾರ ಕಿವಿಗೂ ಬೀಳಲಿಲ್ಲ.

ಮತಕ್ಕೆ ಹಾಕದ ನನ್ನ ನಿರ್ಣಯ ಇದು. ಕಾರು ಉಳಿಯುತ್ತದೆ, ಸದ್ದು ಹೋಗುತ್ತದೆ. ನಾಳೆ ಜಾಕ್ ಏರಿಸಿ ಹೊಸ ಬುಷ್‌ಗಳನ್ನು ನಾನೇ ಕೂರಿಸುತ್ತೇನೆ. ಇವರೆಲ್ಲ ಇಂದು ಕುಡಿದ ಕಾಫಿಗಿಂತ ಅವು ಅಗ್ಗ. ಆಮೇಲೆ ಆ ಕಾರನ್ನು ಓಡಿಸುವವಳು ನನ್ನ ಹೆಂಡತಿ. ಮಗಳಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳೂ ಅವಳೇ. ಓಡಿಸುತ್ತೀಯಾ ಎಂದು ಅವಳನ್ನು ಕೇಳಿಲ್ಲ. ಭಾವಮೈದುನನಿಂದ ಕಾರಿನ ಕೀಲಿಕೈ ಕಿತ್ತುಕೊಂಡು, ಅವಳ ದಿಂಬಿನ ಪಕ್ಕ ಇಟ್ಟು ಬಂದಿದ್ದೇನೆ.